ಬೆಲ್ಲದೊಳಗಿನ ಅರ್ಧ ಗುಳಿಗೆ

ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಮಾತು ಬಂದಿರಲಿಲ್ಲ. ಅವಳಿಗಿದ್ದುದಕ್ಕೆ ಈಗ ಆಟಿಸಂ ಎನ್ನುತ್ತಾರೆ. ಎಂಬತ್ತರ ದಶಕದ ಕುಕನೂರಿನಲ್ಲಿ ನಾವ್ಯಾರೂ ಆ ಶಬ್ದ ಕೇಳಿರಲಿಲ್ಲ. ಮನೆಯ ಹಿಂದಿನ ಹಿಟ್ಟಿನ ಗಿರಣಿ ಶುರುವಾದರೆ ಸಾಕು, ಅವಳು ಹೆದರಿ ನಡುಗುತ್ತ, ರಕ್ತ ಬರುವವರೆಗೆ ಮುಂಗೈ ಕಚ್ಚಿಕೊಳ್ಳುತ್ತಿದ್ದಳು. ಮನೆ ಬದಲಿಸಿದೆವು. ಅಲ್ಲಿ ಬಸ್ಸಿನ ಹಾರ್ನಿಗೆ ಅಂಜಿದಳು.

ಗಂಗಾವತಿಯ ಡಾಕ್ಟರು ಗುಳಿಗೆ ಬರೆದುಕೊಟ್ಟರು. "ಅಂಜಿಕಿ ಕಡಿಮಿ ಆಗ್ತೈತ್ರಿ. ಆದ್ರ ಮಂಪರು ಬರ್ತೈತಿ," ಎಂದರು.

ಮೂರನೆಯ ದಿನಕ್ಕೆ ಅವಳು ಕಚ್ಚಿಕೊಳ್ಳುವುದನ್ನು ಬಿಟ್ಟಳು. ನಾನು ರೊಟ್ಟಿ ಬಡಿಯುವಾಗ ಹಿಂದಿನಿಂದ ಬಂದು ನನ್ನ ಬೆನ್ನಿಗೆ ಗಲ್ಲ ಒತ್ತುತ್ತಿದ್ದಳಲ್ಲ, ಅದನ್ನೂ ಬಿಟ್ಟಳು. ಇಡೀ ದಿನ ಗೋಡೆಗೆ ಒರಗಿ ಕೂರುತ್ತಿದ್ದಳು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

ಯಾರನ್ನೂ ಕೇಳದೆ ನಾನು ಗುಳಿಗೆ ನಿಲ್ಲಿಸಿದೆ. ವಾರದೊಳಗೆ ಹಾರ್ನ್ ಸದ್ದಿಗೆ ಬೆದರಿ ಓಡಿದವಳು ಬಾಗಿಲ ಚೌಕಟ್ಟಿಗೆ ಬಡಿದು ಹಣೆ ಒಡೆದುಕೊಂಡಳು. ಅತ್ತೆ ಸೆರಗಿನಿಂದ ಗಾಯ ಒತ್ತಿ ಹಿಡಿದು ಅತ್ತರು.

"ಗುಳಿಗಿ ಕೊಟ್ಬಿಡವಾ. ಆಕಿ ಹಿಂಗ ಅಂಜೂದು ನನ್ನ ಕೈಲೆ ನೋಡಾಕ ಆಗೂದಿಲ್ಲ."

"ಬ್ಯಾಡ ಅನ್ನಾಕ ಆಕಿಗೆ ಬಾಯಿ ಇಲ್ಲಲ್ರಿ, ಅತ್ತಿ."

"ಬೇಕು ಅನ್ನಾಕೂ ಇಲ್ಲ," ಎಂದರು.

ಮತ್ತೆ ಗಂಗಾವತಿಗೆ ಹೋದೆವು. ಡಾಕ್ಟರು ನನ್ನನ್ನು ಬೈದು, ಅರ್ಧ ಗುಳಿಗೆಗೆ ಇಳಿಸಿದರು. ಭಯ ಪೂರ್ತಿ ಹೋಗಲಿಲ್ಲ, ಆದರೆ ಮುಂಗೈಯ ಗಾಯಗಳು ಮಾದವು. ದಿನಾ ಬೆಳಿಗ್ಗೆ ಆ ಅರ್ಧ ಗುಳಿಗೆಯನ್ನು ಬೆಲ್ಲದೊಳಗಿಟ್ಟು ಕೊಡುತ್ತಿದ್ದೆ. ಒಳಗೇನಿದೆಯೆಂದು ತಿಳಿಯದೆ ಅವಳು ಬಾಯಿ ತೆರೆಯುತ್ತಿದ್ದಳು. ಆಗ ನಾನು ಅವಳ ಮುಖ ನೋಡುತ್ತಿರಲಿಲ್ಲ.