ಬೀರರಸ ಯಾರ ಮನೆಯವನು?

ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ಬೆಳಗಿನ ಮೊದಲ ಬಸ್ಸಿಗೆ ನಾನೂ ಮಲ್ಲನಗೌಡ ಕಾಕಾನೂ ಹೊರಟೆವು. ಎಪ್ಪತ್ತರ ದಶಕದ ಕೊನೆಯ ವರ್ಷಗಳವು, ಸುಗ್ಗಿ ಮುಗಿದಿತ್ತು. ಚಳಿ ಇತ್ತೆಂದು ನನ್ನ ನೆನಪು, ಆದರೆ ಕಾಕಾ ಬಿಸಿಲಿಗೆ ಕೊಡೆ ಬಿಚ್ಚಿದ್ದೂ ನೆನಪಿದೆ. ಎರಡರಲ್ಲಿ ಒಂದು ಸುಳ್ಳಿರಬೇಕು.

ಪ್ರಯಾಣದ ಕಾರಣ ಮಾತ್ರ ಮಸುಕಾಗಿಲ್ಲ. ಕಾಕಾನ ಮಗಳು ಶಾರದೆಯನ್ನು ಹಿರೇಕೆರೂರಿನ ಬಸನಗೌಡರ ಮಗನಿಗೆ ಕೇಳಲು ಬಂದಿದ್ದರು. ಹುಡುಗಿ ಒಪ್ಪಿದ್ದಳು, ಹುಡುಗನೂ ಒಪ್ಪಿದ್ದ. ಎಲೆ ಅಡಿಕೆ ತಟ್ಟೆ ಬದಲಾಯಿಸುವಷ್ಟರಲ್ಲಿ ಕಾಕಾ ವಾಡಿಕೆಯಂತೆ ವಂಶದ ಮಾತು ತೆಗೆದರು. ಕೆರೆಯ ದಂಡೆಯ ವೀರಗಲ್ಲಿನಲ್ಲಿರುವ ಬೀರರಸ, 'ಮೊನೆಗೆ ಮೊದಲಿಗ', ಅಂದರೆ ಕಾಳಗದಲ್ಲಿ ಎಲ್ಲರಿಗಿಂತ ಮುಂದೆ ಹೋಗುವವನು, ಎಂಬ ಬಿರುದು ಪಡೆದ ಆ ಹಳೆಗಾಲದ ನಾಡಪ್ರಭು, ತಮ್ಮ ಮೂಲಪುರುಷ ಎಂದರು.

"ಏನಂದ್ರಿ? ಬೀರರಸ ನಮ್ಮ ಮೂಲಪುರುಷರಿ!" ಎಂದರು ಬಸನಗೌಡರು.

ಮೂಲಪುರುಷ ಒಬ್ಬನೇ ಆದರೆ ಎರಡೂ ಮನೆಯ ಬೆಡಗು, ಅಂದರೆ ಕುಲದ ಕವಲು, ಒಂದೇ. ಬೆಡಗು ಒಂದಾದರೆ ಹುಡುಗ ಹುಡುಗಿ ಅಣ್ಣ ತಂಗಿ. ತಟ್ಟೆ ಹಾಗೆಯೇ ಒಳಗೆ ಹೋಯಿತು. ಶಾರದೆ ಅಡಿಗೆ ಮನೆಯಲ್ಲಿ ಪಾತ್ರೆ ಕುಕ್ಕುತ್ತ, "ಸತ್ತು ಏಳುನೂರು ವರ್ಷ ಆದಾಂವ ನನ್ನ ಲಗ್ನಕ್ಕ ಅಡ್ಡ ಬಂದು ಕುಂತಾನ ನೋಡವ್ವಾ" ಎಂದು ತಾಯಿಗೆ ಹೇಳಿದಳು.

ತಮ್ಮ ಬೆಡಗಿನ ಹೆಸರು ಎರಡೂ ಮನೆಯಲ್ಲಿ ಯಾರಿಗೂ ಖಚಿತವಾಗಿ ನೆನಪಿರಲಿಲ್ಲ. ಇದನ್ನು ಬಿಡಿಸಬಲ್ಲವನು ಹೆಳವರ ನಿಂಗಪ್ಪ. ಹೆಳವರೆಂದರೆ ವರ್ಷಕ್ಕೊಮ್ಮೆ ಎತ್ತಿನೊಡನೆ ಬಂದು, ನಸುಕಿನಲ್ಲಿ ಅಂಗಳದಲ್ಲಿ ನಿಂತು, ಆ ಮನೆಯ ಹಿರಿಯರ ಹೆಸರು, ಬೆಡಗು, ಬಿರುದುಗಳನ್ನೆಲ್ಲ ಹಾಡಿ ಕಾಳು ಪಡೆದು ಹೋಗುವವರು. ನಮ್ಮ ಮನೆಗೂ ಬಸನಗೌಡರ ಮನೆಗೂ ಬರುತ್ತಿದ್ದವನು ಅವನೇ. ನಾನು ಧಾರವಾಡದಲ್ಲಿ ಇತಿಹಾಸ ಓದಿದವನೆಂದು ಕಾಕಾ ನನ್ನನ್ನೂ ಎಳೆದುಕೊಂಡು ಹೊರಟಿದ್ದರು.

ಶಿಗ್ಗಾಂವಿಯ ನಿಲ್ದಾಣದ ಎದುರು ಮಿರ್ಚಿ, ಚುರುಮುರಿ ತಿಂದು ಚಹಾ ಕುಡಿದೆವು. ಹೆಳವರ ಬಿಡಾರ ಹುಲಗೂರಿಗೆ ಹೋಗಿದೆಯೆಂದು ಹೋಟೆಲಿನವನು ಹೇಳಿದ. ಹುಲಗೂರಿನಲ್ಲಿ ಇಳಿದರೆ, ದರ್ಗಾದ ಮುಂದೆ ಹೂವು ಮಾರುತ್ತಿದ್ದ ಮುದುಕ, "ನಿನ್ನೆನ ಸವಣೂರಿಗೆ ಹ್ವಾದ್ರರಿ. ಎತ್ತು ಬಾಳ ಚಂದ ಇದ್ವು" ಎಂದ. ಬಂದದ್ದು ಬಂದೆವು ಎಂದು ಕಾಕಾ ದರ್ಗಾದಲ್ಲಿ ಸಕ್ಕರೆ ಇಟ್ಟು ಫಾತಿಹಾ ಓದಿಸಿದರು. ಏನು ಬೇಡಿಕೊಂಡಿರಿ ಎಂದು ಕೇಳಿದೆ. "ಬೆಡಗು ಬ್ಯಾರೆ ಇರ್ಲಿ, ಬೀರರಸ ನಮ್ಮಾಂವನ ಇರ್ಲಿ ಅಂತ" ಎಂದರು.

ಸವಣೂರಿನ ಹೊರಗೆ ಬೇವಿನ ಮರಗಳ ಕೆಳಗೆ ಬಿಡಾರ ಸಿಕ್ಕಿತು. ನಿಂಗಪ್ಪ ಎತ್ತಿನ ಮೈ ತಿಕ್ಕುತ್ತಿದ್ದ. ಕಾಕಾನ ಮಾತು ಪೂರ್ತಿ ಕೇಳಿ ನಕ್ಕುಬಿಟ್ಟ.

"ನಿಮ್ಮದು ಅರಿಷಿಣದ ಬೆಡಗರಿ ಗೌಡ್ರ, ಅವರದು ಬೆಳ್ಳಿ ಬೆಡಗು. ಹೆಣ್ಣು ಕೊಡಾಕ ಏನೂ ಅಡ್ಡಿ ಇಲ್ಲ. ಚಿಂತಿ ಬಿಡ್ರಿ."

ಕಾಕಾ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಸುಮ್ಮನಿರಬಹುದಿತ್ತು, ಓದಿದವನ ಚಟ. "ಹಂಗಾದ್ರ ಬೀರರಸ ಎರಡೂ ಮನಿಗೆ ಹೆಂಗ ಮೂಲಪುರುಷ ಆದ?" ಎಂದು ಕೇಳಿದೆ.

ನಿಂಗಪ್ಪ ಎತ್ತಿನ ಕೊರಳು ಕೆರೆದ. "ಅದು ಹಿಂಗರಿ. ನಿಮ್ಮ ಮುತ್ಯಾ ನಮ್ಮ ಮುತ್ಯಾಗ ಹೋರಿ ಕೊಟ್ಟಿದ್ದ. ದೊಡ್ಡ ಮನಸಿನ ಮನಿ ಅಂತ ಒಬ್ಬ ದೊರಿನ್ನ ಸೇರಿಸಿ ಹಾಡಿದ್ರು. ಮುಂದ ಅವರ ಮುತ್ಯಾನೂ ಹೋರಿ ಕೊಟ್ಟ. ಇನ್ನೊಬ್ಬ ದೊರಿ ಎಲ್ಲಿಂದ ತರೂದ್ರಿ?"

"ಹಂಗಂದ್ರ ಈಗ ಅಂವ ಯಾರ ಮನಿಯಾಂವಲೇ?" ಎಂದರು ಕಾಕಾ.

"ನಿಮ್ಮ ಅಂಗಳದಾಗ ನಿಂತಾಗ ನಿಮ್ಮಾಂವರಿ."

ಆ ರಾತ್ರಿ ಸವಣೂರಿನಲ್ಲೇ ಪರಿಚಯದವರ ಮನೆಯಲ್ಲಿ ಉಳಿದು, ಮರುದಿನ ನಿಂಗಪ್ಪನನ್ನೂ ಕರೆದುಕೊಂಡು ಹಾವೇರಿಯಲ್ಲಿ ಬಸ್ಸು ಬದಲಿಸಿ ಹಿರೇಕೆರೂರಿಗೆ ಹೋದೆವು. ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಎಂದೆ. ನಿಂಗಪ್ಪ ಗಾಬರಿಯಾದ: "ಬ್ಯಾಡ್ರಿ, ಬಸನಗೌಡ್ರು ನೊಂದ್ಕೋತಾರ. ಮುಂದಿನ ವರ್ಷ ಅವರ ಅಂಗಳದಾಗ ಯಾವ ಮುಖ ಇಟ್ಕೊಂಡು ನಿಂದರ್ಲಿ?" ಕಾಕಾ ಕಿಟಕಿಯ ಹೊರಗೆ ಹತ್ತಿಯ ಚಕ್ಕಡಿಗಳನ್ನು ನೋಡುತ್ತ ಕುಳಿತರು.

ಬಸನಗೌಡರ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಡಿಗೆ ಮೊಸರು. ಊಟದ ನಡುವೆಯೇ ನಿಂಗಪ್ಪ ಎರಡೂ ಬೆಡಗು ಹೇಳಿದ. ಬಾಗಿಲ ಸಂದಿಯಿಂದ ಹೆಂಗಸರ ನಗು ಕೇಳಿತು. ಆದರೆ ಬಸನಗೌಡರು ತುತ್ತು ನಿಲ್ಲಿಸಿದರು.

"ಬೆಡಗು ಬ್ಯಾರೆ ಆತು, ಚಲೋ ಆತು. ಬೀರರಸ ಒಬ್ಬನ ಅಲ್ಲರಿ? ಎರಡೂ ಮನಿಯವ್ರು ನಮ್ಮಾಂವ ನಮ್ಮಾಂವ ಅಂತ ಕುಂತ್ರ, ನಾಳೆ ಮಂದಿ ಅಣ್ಣ ತಂಗಿಗೆ ಲಗ್ನಾ ಮಾಡಿದ್ರು ಅನ್ನಂಗಿಲ್ಲೇನು? ಒಬ್ಬರು ಬಿಡಬೇಕು. ನಾವಂತೂ ಬಿಡಂಗಿಲ್ಲ."

ಎಲ್ಲರೂ ಕಾಕಾನನ್ನು ನೋಡಿದರು. ನಿಂಗಪ್ಪ ಮಾತ್ರ ತಾಟು ನೋಡುತ್ತಿದ್ದ. ಕಾಕಾ ಕೈಯಲ್ಲಿದ್ದ ರೊಟ್ಟಿಯನ್ನು ಮಡಚಿದರು, ಮತ್ತೆ ಮಡಚಿದರು.

"ಗೌಡ್ರ, ಹೆಣ್ಣು ಕೊಡಾಂವ ಬರಿಗೈಲೆ ಕೊಡ್ತಾನೇನು? ಮಗಳ ಜೋಡಿ ಬೀರರಸನ್ನೂ ಕೊಟ್ಟೇನಿ. ತಗೋರಿ."

ಬಸನಗೌಡರು ಮೊಸರು ಚೆಲ್ಲುವ ಹಾಗೆ ನಕ್ಕರು. "ಬಿರುದು?"

"ಅದೂ ನಿಮ್ದ. ಊಟದ ಪಂಕ್ತಿ ಬಿಟ್ರ ನಾ ಎಲ್ಲಿ ಮೊದಲ ಹೋಗೇನಿ?"

ನನ್ನ ದಿನಚರಿಯಲ್ಲಿ ಆ ದಿನದ ಕೆಳಗೆ 'ಕಾಕಾ ಒಪ್ಪಿದರು' ಎಂದಷ್ಟೇ ಇದೆ. ಮಡಚಿದ ರೊಟ್ಟಿ, ಚೆಲ್ಲಿದ ಮೊಸರು ನಾನು ಕಂಡದ್ದೋ, ಮುಂದೆ ಕಾಕಾ ನೂರು ಸಲ ಹೇಳಿ ನನ್ನ ಕಣ್ಣಿಗೆ ಕಟ್ಟಿಸಿದ್ದೋ, ಈಗ ಬೇರ್ಪಡಿಸಲಾರೆ. ಆ ಮಾತು ಅಲ್ಲೇ ಹೊಳೆಯಿತೋ, ಬಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದರೋ, ಕಾಕಾ ಎಂದೂ ಹೇಳಲಿಲ್ಲ. ತಟ್ಟೆ ಬದಲಾದದ್ದು ಮಾತ್ರ ಖಂಡಿತ. ಅದರ ಎಲೆಯನ್ನು ನಾನೇ ಮೆದ್ದಿದ್ದೇನೆ.

ಮೂರನೆಯ ದಿನ ಅಕ್ಕಿಆಲೂರಿನ ಮೇಲೆ ಹಾನಗಲ್ಲಿಗೆ ಮರಳಿದೆವು. ಅಕ್ಕಿಆಲೂರಿನಲ್ಲಿ ಸಂತೆ, ಬಸ್ಸಿನೊಳಗೆ ಭತ್ತದ ಚೀಲ, ಕೋಳಿ, ಮಂದಿ. ಕಾಕಾ ಯಾರದೋ ಚೀಲದ ಮೇಲೆ ಕುಳಿತು ನಿದ್ದೆ ಮಾಡಿದರು.

ಬಾಗಿಲಲ್ಲಿ ನಿಂತಿದ್ದ ಶಾರದೆಗೆ ನಾನೇ ಎಲ್ಲ ಹೇಳಿದೆ. ಬೆಳ್ಳಿ ಬೆಡಗಿನವರು ಎಲ್ಲಿಂದ ಬಂದರು, ಎಂಟು ತಲೆಮಾರಿನ ಹೆಸರೇನು, ಒಂದೂ ಬಿಡಲಿಲ್ಲ. ಅವಳು ನಗು ತಡೆದುಕೊಂಡು ಪೂರ್ತಿ ಕೇಳಿದಳು.

"ಅದೆಲ್ಲಾ ಇರ್ಲಿ ಅಣ್ಣಾ, ಆ ಮನ್ಯಾಗ ನೀರು ಎಲ್ಲಿಂದ ತರ್ತಾರ? ಬಾವಿ ಹಿತ್ತಲದಾಗ ಐತೋ, ಊರ ಹೊರಗೋ?"

ನಾನು ನೋಡಿರಲಿಲ್ಲ.