ನಂಬರಿಗೆ ಹೆಸರಿಡದ ನಬವಿಯಾ

ಅಲೆಕ್ಸಾಂಡ್ರಿಯಾದ ಬಾಕೋಸ್ ಮಾರುಕಟ್ಟೆಗೆ ಮೊದಲ ಟ್ರಾಮ್ ಇನ್ನೂ ಬಂದಿಲ್ಲ. ಬೇಯಿಸಿದ ಅವರೆ ಮಾರುವವನು ಹಂಡೆಯ ಮುಚ್ಚಳ ಎತ್ತುವ ಹೊತ್ತಿಗೆ ನಬವಿಯಾ ಅಂಗಡಿಯ ಶಟರ್ ಎತ್ತಿ, ಬಾಗಿಲ ಪಕ್ಕದ ತಮ್ಮ ಮೇಜಿನ ಮುಂದೆ ಕುಳಿತಾಗಿದೆ. ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ ಬಿಚ್ಚಿ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಅದರ ಲೋಹದ ಹಲ್ಲುಗಳನ್ನು ಒರೆಸುತ್ತಾರೆ. ಟಿವಿಗೆ ಜೋಡಿಸಿ ನೋಡುತ್ತಾರೆ. ಆಟ ಮೂಡಿದರೆ ಬಿಳಿ ಚೀಟಿ ಅಂಟಿಸಿ ಹಸಿರು ಮಸಿಯಲ್ಲಿ ಬರೆಯುತ್ತಾರೆ: 'ಅತ್ತೆಯ ಏಣಿ'.

ಅದು ಆ ಆಟದ ನಿಜನಾಮವಲ್ಲ. ನಿಜನಾಮ ಏನೆಂದು ಬಾಕೋಸ್‌ನಲ್ಲಿ ಯಾರಿಗೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ನಬವಿಯಾ ಹುಡುಗಿಯಾಗಿದ್ದಾಗ ಬಂದರಿನಿಂದ ಮೂಟೆಗಟ್ಟಲೆ ಬರುತ್ತಿದ್ದ ಕ್ಯಾಸೆಟ್‌ಗಳ ಮೇಲೆ ಜಪಾನಿ ಅಕ್ಷರ, ಓದುವವರು ಯಾರು? ಅಂಗಡಿ ನಡೆಸುತ್ತಿದ್ದ ಅಣ್ಣ, ಆಡಿ ನೋಡಿ ನೀನೇ ಏನಾದರೂ ಹೆಸರು ಬರಿ ಎಂದ. ಅಂದಿನಿಂದ 'ಹಸಿದ ಸುಂಕದವ', 'ಬೋಳು ಮದುಮಗ' ಎಲ್ಲ ಹುಟ್ಟಿದವು. ಗಡ್ಡ ನೆರೆತ ಗಿರಾಕಿಗಳು ಇವತ್ತಿಗೂ ಅವೇ ಹೆಸರು ಹೇಳಿ ಕೇಳುತ್ತಾರೆ.

ಅಣ್ಣ ತೀರಿಕೊಂಡ ಮೇಲೆ ಅಂಗಡಿ ಅವನ ಮಗ ವಗ್ದಿಯದು. ಒಳಗೆಲ್ಲ ದೊಡ್ಡ ಪರದೆಗಳು, ಹೊಸ ಆಟಗಳು. ಅವುಗಳಿಗೆ ನಬವಿಯಾ ಹೆಸರಿಡುವುದು ನಮ್ಮ ಕನ್ನಡದ ಇನ್ನೊಂದು ಅರ್ಥದಲ್ಲಿ ಮಾತ್ರ, ಅಂದರೆ ಹುಳುಕು ಎತ್ತುವುದರಲ್ಲಿ. ಹಾಡಿದ್ದೇ ಹಾಡುವ ಕಿಸಬಾಯಿ ದಾಸನಂತೆ ವರ್ಷಕ್ಕೊಮ್ಮೆ ಅದೇ ಫುಟ್‌ಬಾಲು, ಅದೇ ಬಂದೂಕು. "ಹೆಸರಿಡೋಕೆ ಏನಿದೆ? ಹೋದ ವರ್ಷದ್ದಕ್ಕೆ ಹೊಸ ಜುಬ್ಬ ತೊಡಿಸಿ ನಂಬರ್ ಹಾಕಿದ್ದಾರೆ. ಅಪ್ಪ, ಮಗ, ಮೊಮ್ಮಗ, ಎಲ್ಲ ಒಂದೇ ಮೂತಿ" ಎನ್ನುತ್ತಾರೆ.

ವಗ್ದಿಯೂ ಬಿಡುವ ಆಸಾಮಿಯಲ್ಲ. ಅತ್ತೆಯ ಕಾಲದಲ್ಲಿ ಸಾವಿರ ಆಟ ಇದೆಯೆಂದು ಮಾರಿದ ಕ್ಯಾಸೆಟ್‌ನಲ್ಲಿ ಇದ್ದದ್ದು ಬೆರಳೆಣಿಕೆಯಷ್ಟು, ಉಳಿದದ್ದು ಅಂಗಿಯ ಬಣ್ಣ ಬದಲಿಸಿದ ಅವೇ ಆಟಗಳು, ಸಾಲದ್ದಕ್ಕೆ ಎಲ್ಲವೂ ಕಳ್ಳಮಾಲು ಎಂದು ಗಿರಾಕಿಗಳ ಮುಂದೆಯೇ ಚುಚ್ಚುತ್ತಾನೆ. ತನ್ನದು ಮೊಹರು ಒಡೆಯದ ಅಸಲಿ ಮಾಲು. ನಬವಿಯಾ ಅಲ್ಲಗಳೆಯುವುದಿಲ್ಲ. "ಹೌದು, ಮೋಸ ಮಾಡಿದ್ವಿ. ಡಬ್ಬಿ ನಕಲಿ, ಒಳಗಿನ ಆಟ ಅಸಲಿ. ನಿಂದು ಡಬ್ಬಿ ಮಾತ್ರ ಅಸಲಿ."

ಈ ಜಗಳವೇ ಪಂದ್ಯಕ್ಕೆ ತಿರುಗಿದೆ. ಅತ್ತೆಯ ಮೇಜಿನ ಜಾಗದಲ್ಲಿ ಕಾರು ಓಡಿಸುವ ಆಟದ ಕುರ್ಚಿ ಹಾಕುವ ಆಸೆ ವಗ್ದಿಗೆ. ಯಾವ ದಿನ ಅತ್ತೆ ಒಂದು ಹೊಸ ಆಟಕ್ಕೆ ತಾವಾಗಿ ಹೆಸರು ಬರೆಯುತ್ತಾರೋ ಆ ದಿನ ಮೇಜು ಖಾಲಿ. ಅಲ್ಲಿಯವರೆಗೆ ಅವರು ಅಲ್ಲೇ. ನಬವಿಯಾ ಒಪ್ಪಿದ್ದಾರೆ. ಅವನು ತಂದಿಟ್ಟದ್ದನ್ನೆಲ್ಲ ಪ್ರಾಮಾಣಿಕವಾಗಿ ಆಡಿ, "ಇದನ್ನ ಆಗಲೇ ಆಡಿದ್ದೀನಿ" ಎಂದು ಪಕ್ಕಕ್ಕಿಡುತ್ತಾರೆ.

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೊರಟ ಸುರೈಯಾ ಲ್ಯಾಪ್‌ಟಾಪ್ ಹಿಡಿದು ಬಂದಿದ್ದಾಳೆ. ದಂತವೈದ್ಯರೊಬ್ಬರ ಬಳಿ ಕಟ್ಟುಹಲ್ಲು ತಯಾರಿಸುವ ಹೆಣ್ಣುಮಗಳು. ಬಿಡುವಿನಲ್ಲಿ ತಾನೇ ಒಂದು ಆಟ ಕಟ್ಟಿ, ನಬವಿಯಾಗೆ ತೋರಿಸಲು ತಂದಿದ್ದಾಳೆ. ಪಂದ್ಯದ ವಿಷಯ ಅವಳಿಗೆ ಗೊತ್ತಿಲ್ಲ. ಪರದೆಯ ಮೇಲೆ ಮನೆಗಳ ತಾರಸಿ, ತಾರಸಿಯಲ್ಲಿ ಪಾರಿವಾಳದ ಗೂಡು. ಆಡುವವರು ನಿಜವಾಗಿಯೇ ಸಿಳ್ಳೆ ಹಾಕಿ ನೆರೆಯವನ ಹಕ್ಕಿಗಳನ್ನು ತಮ್ಮ ಗೂಡಿಗೆ ಸೆಳೆಯಬೇಕು. ಆಸೆಗೆ ಬಿದ್ದು ಸಿಳ್ಳೆಯನ್ನು ಉದ್ದಕ್ಕೆ ಎಳೆದರೆ ತಮ್ಮ ಹಕ್ಕಿಗಳೂ ಹಾರಿಹೋಗುತ್ತವೆ.

ನಬವಿಯಾ ಸಿಳ್ಳೆ ಹಾಕುತ್ತಾರೆ. ಅವರೆ ಮಾರುವವನು ಇಣುಕುತ್ತಾನೆ. ಮೂರು ಹಕ್ಕಿ ಬಂದವು. ಇನ್ನೊಂದಕ್ಕೆ ಎಳೆದದ್ದೇ ತಡ, ಇಡೀ ಗೂಡು ಬರಿದು. ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಮತ್ತೆ ಆಡುತ್ತಾರೆ, ಮತ್ತೆ ಸೋಲುತ್ತಾರೆ. ಇಂಥದ್ದನ್ನು ಅವರು ಎಲ್ಲೂ ಆಡಿಲ್ಲ. ಇದಕ್ಕೆ ಹೆಸರೇನು ಎಂದು ಕೇಳಿದರೆ ಸುರೈಯಾ, ಇನ್ನೂ ಇಟ್ಟಿಲ್ಲ ಎನ್ನುತ್ತಾಳೆ.

ನಬವಿಯಾ ಪೆನ್ನಿನ ಮುಚ್ಚಳ ತೆಗೆಯುತ್ತಾರೆ. ಒಳಗಿನಿಂದ ನೋಡುತ್ತಿದ್ದ ವಗ್ದಿಯೇ ಬಂದು ತಡೆಯುತ್ತಾನೆ. "ಅತ್ತೆ, ಬರೆದ್ರೆ ಮೇಜು ಹೋಗುತ್ತೆ. ಬಾಯಲ್ಲಿ ಹೇಳಿಬಿಡಿ, ನಾನು ಕೇಳಿಸ್ಕೊಂಡಿಲ್ಲ ಅಂದ್ಕೋತೀನಿ."

ನಬವಿಯಾ ಚೀಟಿಯ ಮೇಲೆ 'ಕಳ್ಳ ಸಿಳ್ಳೆ' ಎಂದು ಬರೆದು, ಮಸಿ ಆರಲು ಊದಿ, ಲ್ಯಾಪ್‌ಟಾಪ್‌ನ ಬೆನ್ನಿಗೆ ಅಂಟಿಸುತ್ತಾರೆ. ವಗ್ದಿಯಿಂದ ಪಂದ್ಯದ ವಿಷಯ ತಿಳಿದ ಸುರೈಯಾ ಗಾಬರಿಯಾಗಿ ಚೀಟಿ ಕೀಳಲು ಹೋಗುತ್ತಾಳೆ; ನಬವಿಯಾ ಅವಳ ಕೈ ಸರಿಸುತ್ತಾರೆ.

"ಸೋತಿದ್ದು ಮೇಜು, ಕೈ ಅಲ್ಲ" ಎನ್ನುತ್ತಾರೆ ವಗ್ದಿಗೆ. "ನಾಳೆಯಿಂದ ಬೀದೀಲಿ ಕೂರ್ತೀನಿ. ಇಂಥದ್ದು ಇನ್ನೊಂದು ಬರಲಿ, ತೊಡೆ ಮೇಲಿಟ್ಕೊಂಡು ಬರೀತೀನಿ."