ಹಳೇ ಪ್ರತಿಗಳ ಕಾಕಾ

ನಮ್ಮ ಕಾಕಾ ಚರ್ಚಿನಲ್ಲಿ ಕೈ ಎತ್ತುತ್ತಿದ್ದ. ದೇವರನ್ನು ಸ್ತುತಿಸುವಾಗ ಎರಡೂ ಕೈ ಎತ್ತುವವರು ಎಲ್ಲ ಸಭೆಗಳಲ್ಲೂ ಇರುತ್ತಾರೆ, ಅದಲ್ಲ. ಇವನು ಎತ್ತುತ್ತಿದ್ದದ್ದು ಒಂದೇ ಕೈ, ಅದರಲ್ಲೂ ಒಂದೇ ಬೆರಳು. ಪಾದ್ರಿ ಅಯ್ಯನವರ ಪ್ರಸಂಗ ಒಳ್ಳೇ ಹದಕ್ಕೆ ಬಂದಿರುತ್ತಿತ್ತು, ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿರುತ್ತಿದ್ದರು. ಅಷ್ಟರಲ್ಲಿ ಕಿಟಕಿ ಬಾಜುವಿನ ಬೆಂಚಿನಿಂದ ಆ ಬೆರಳು ಮೇಲೆ ಬರುತ್ತಿತ್ತು. ಅಯ್ಯನವರು ನೋಡಿಯೂ ನೋಡದಂತೆ ಇರುತ್ತಿದ್ದರು. ಬೆರಳು ಇಳಿಯುತ್ತಿರಲಿಲ್ಲ. ಕೊನೆಗೆ ಅವರೇ ಸೋತು, "ಏನ್ರಿ ಮಾಸ್ತರ?" ಅನ್ನಬೇಕಾಗುತ್ತಿತ್ತು.

"ಏನಿಲ್ರಿ ಅಯ್ಯನವರ. ಈಗ ನೀವು ಓದಿದ ಪತ್ರಾ ಸಂತ ಪೌಲನಽ ಬರದಾನು ಅನ್ನಾಕ ಪುರಾವೆ ಸಾಲೂದಿಲ್ರಿ. ಭಾಷಾ ಬ್ಯಾರೆ ಐತಿ, ಕಾಲಾನೂ ಹೊಂದೂದಿಲ್ಲ. ಅಷ್ಟ. ನೀವು ಮುಂದ ಹೇಳ್ರಿ."

ಮುಂದೆ ಹೇಳಲಿಕ್ಕೆ ಏನು ಉಳಿಯುತ್ತಿತ್ತು, ಮಣ್ಣು! ಬಡಪಾಯಿ ಅಯ್ಯನವರು ನಾಲ್ಕಾರು ಹಳ್ಳಿಗಳ ಸಭೆ ನೋಡಿಕೊಳ್ಳುವವರು, ತಿಂಗಳಿಗೊಮ್ಮೆ ಬೈಕಿನ ಮೇಲೆ ನಮ್ಮೂರಿಗೆ ಬರುವವರು. ಆ ಒಂದು ದಿನವೂ ಅವರಿಗೆ ನೆಮ್ಮದಿ ಇಲ್ಲ. ಬೇಗ ಬೇಗ ಕೊನೆಯ ಕೀರ್ತನೆ ಹೇಳಿಸಿ ಮುಗಿಸುತ್ತಿದ್ದರು.

ಕಾಕಾ ನನ್ನ ಅಪ್ಪನ ತಮ್ಮ. ನಮ್ಮೂರು ಸಂಶಿಯ ಹತ್ತಿರದ ಹಳ್ಳಿ. ತಲೆಮಾರುಗಳಿಂದ ಅಲ್ಲಿ ನಮ್ಮವು ಕೆಲವೇ ಕ್ರೈಸ್ತ ಮನೆಗಳು. ಕಾಕಾ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾಗಿದ್ದ. ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಮಕ್ಕಳಿಲ್ಲ. ಕಾಕಿ ತೀರಿಕೊಂಡ ಮೇಲೆ ಅವನ ಊಟ ನಮ್ಮಲ್ಲೇ. ನಮ್ಮ ಅಪ್ಪ ಅದಕ್ಕೂ ಮೊದಲೇ ಹೋಗಿದ್ದ, ಮನೆಯಲ್ಲಿ ನಾನು, ನಮ್ಮ ಅವ್ವ ಇಬ್ಬರೇ. ನಾನು ಪ್ರಾಥಮಿಕ ಶಾಲೆಯ ಟೀಚರು, ಬೆಳಿಗ್ಗೆ ಬಸ್ಸು ಹಿಡಿಯಬೇಕು. ಇವನೋ, ಮುರಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಯೇಸು ಹುಟ್ಟಿದಾಗಿನ ರೋಮ್ ಸಾಮ್ರಾಜ್ಯದ ಜನಗಣತಿಯ ಮಾತು ಶುರು ಮಾಡುತ್ತಿದ್ದ. "ಕಾಕಾ, ಉಣ್ಣು. ಬಸ್ಸು ಹೊಂಟು ಹೋಗ್ತೈತಿ" ಅಂದರೆ, "ಹೊಕ್ಕೈತಿ ಬಿಡು, ಇನ್ನೊಂದು ಬರ್ತೈತಿ. ಈ ಮಾತು ಕೇಳು ಮೊದಲ" ಅನ್ನುತ್ತಿದ್ದ.

ನಿವೃತ್ತನಾದವರು ಎಮ್ಮೆ ಕಟ್ಟುತ್ತಾರೆ, ಸೊಸೈಟಿ ಚುನಾವಣೆಗೆ ನಿಲ್ಲುತ್ತಾರೆ. ಕಾಕಾ ಗ್ರೀಕ್ ಕಲಿತ. ಬಚ್ಚಲಲ್ಲಿ ಮೈಮೇಲೆ ನೀರು ಹೊಯ್ದುಕೊಳ್ಳುತ್ತ ಅದರ ಅಕ್ಷರಮಾಲೆ ಬಾಯಿಪಾಠ ಮಾಡುತ್ತಿದ್ದ, ಗೋಡೆಯ ಈಚೆ ನಮಗೂ ಬಂದುಬಿಟ್ಟಿತು. ಪೋಸ್ಟಿನಲ್ಲಿ ದಪ್ಪ ದಪ್ಪ ಪುಸ್ತಕ ತರಿಸುತ್ತಿದ್ದ. ಮೊಬೈಲಿನಲ್ಲಿ ಯಾವುದೋ ದೇಶದ ಪ್ರೊಫೆಸರರ ಉಪನ್ಯಾಸ ಜೋರಾಗಿ ಹಚ್ಚಿ ಕೂರುತ್ತಿದ್ದ. ಯೇಸುವಿನ ಬಗ್ಗೆ ಮೊದಲನೆಯ ಶತಮಾನದಲ್ಲಿ ಗ್ರೀಕಿನಲ್ಲಿ ಯಾರು ಏನು ಬರೆದರು, ಯಾರು ನಕಲು ಮಾಡುವಾಗ ಏನು ಸೇರಿಸಿದರು, ಇದೇ ಅವನ ಹಗಲು, ಇದೇ ಅವನ ಬೈಗು.

ಒಂದು ಸಲ ನನಗೆ ತಡೆಯಲಾಗಲಿಲ್ಲ. "ಏನ್ ಬೇಕಾಗೈತಿ ಕಾಕಾ ನಿಂಗ ಇದ್ರಾಗಿಂದ?" ಅಂದೆ.

ಕನ್ನಡಕ ತೆಗೆದು ಧೋತರದ ತುದಿಗೆ ಒರೆಸಿದ. "ನಿಮ್ಮ ಕಾಕೀನ ಮತ್ತ ನೋಡ್ತೀನೋ ಇಲ್ಲೋ ಅಂಬೂದು ಗೊತ್ತಾಗಬೇಕು ನಂಗ" ಅಂದ. "ಯೇಸು ಗೋರಿಯಿಂದ ಖರೇನ ಎದ್ದನೋ ಇಲ್ಲೋ. ಆತ ಎದ್ದಿದ್ರ ಆಕೀನೂ ಏಳ್ತಾಳ. ಅಯ್ಯನವರು ಅಂದ್ರು, ನಮ್ಮಪ್ಪ ಅಂದಾ, ಅಂತಲ್ಲ. ಮೊದಲ ಯಾರು ಅಂದ್ರು, ಅವರು ಕಣ್ಣಿಲೆ ನೋಡಿದ್ರೇನು, ಅಲ್ಲೀತನಕ ಹೋಗಬೇಕು."

ಅಂದಿನಿಂದ ಅವನನ್ನು ಕೆಣಕುವುದು ಬಿಟ್ಟೆ. ಆದರೆ ಅದು ಕ್ರಿಸ್‌ಮಸ್ಸಿನವರೆಗೆ ಮಾತ್ರ ನಡೆಯಿತು.

ಆ ವರ್ಷ ಸಂಡೇ ಸ್ಕೂಲಿನ ನಾಟಕಕ್ಕೆ ನಾನು ಮೂವರು ಜೋಯಿಸರನ್ನು ತಯಾರು ಮಾಡಿದ್ದೆ, ನಕ್ಷತ್ರ ನೋಡಿಕೊಂಡು ಮೂಡಣದಿಂದ ಬರುವವರು. ಕಾಕಾ ತಾಲೀಮಿಗೆ ಬಂದ. "ಮೂವರು ಅಂತ ಎಲ್ಲಿ ಬರದೈತಿ? ಕಾಣಿಕಿ ಮೂರು ತಂದ್ರು, ಖರೆ. ಮಂದಿ ಎಷ್ಟು ಅಂತ ಸುವಾರ್ತೆಯೊಳಗ ಇಲ್ಲ" ಅಂದ. ಅಂದು ಬಿಟ್ಟಿದ್ದರೆ ಆಗುತ್ತಿತ್ತು. ಮಕ್ಕಳಿಗೂ ಬಿಡಿಸಿ ಹೇಳಿದ. ಮಕ್ಕಳಿಗೆ ಅಷ್ಟೇ ಬೇಕಾಗಿತ್ತು. ಕುರುಬನ ಕಂಬಳಿ ಹೊದೆಯಲು ಒಬ್ಬನೂ ಒಪ್ಪಲಿಲ್ಲ, ಎಲ್ಲರಿಗೂ ಜರಿ ಪಟಗವೇ ಬೇಕು. ಕ್ರಿಸ್‌ಮಸ್ ದಿನ ವೇದಿಕೆಯ ಮೇಲೆ ಒಂದು ಹಿಂಡು ಜೋಯಿಸರು ನಿಂತಿದ್ದರು, ಕುರಿ ಕಾಯುವವರು ಯಾರೂ ಇರಲಿಲ್ಲ. ಕುರಿ ಮಾತ್ರ ನಿಜವಾದದ್ದೇ ಇತ್ತು, ಅದು ಪಟಗದ ಜರಿ ತಿನ್ನುತ್ತಿತ್ತು. ಕಾಕಾ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೇ ತಟ್ಟಿದ್ದು.

ಇಷ್ಟೇ ಆಗಿದ್ದರೆ ನಗುತ್ತ ಬರೆಯಬಹುದಿತ್ತು. ಆದರೆ ಅವ್ವನ ವಿಷಯ ಬಂತು.

ನಮ್ಮ ಅವ್ವನಿಗೆ ಅಪ್ಪನಿಗಿಂತ ಮೊದಲು ಒಂದು ಮದುವೆಯಾಗಿತ್ತು, ನವಲಗುಂದದ ಕಡೆ. ಆ ಮನುಷ್ಯ ಕುಡಿದು ಬಡಿಯುತ್ತಿದ್ದ. ಅವಳು ಬಿಟ್ಟು ಬಂದಳು. ಅವನು ಬದುಕಿರುವಾಗಲೇ ನಮ್ಮ ಅಪ್ಪನ ಜೊತೆ ಬಾಳುವೆ ಹೂಡಿದಳು. ಸಭೆಯವರು ಅವಳನ್ನು ಬಾಗಿಲ ಬಳಿ ಕೂರಿಸಿದರು. ಕರ್ತನ ಭೋಜನದ ದಿನ ಎಲ್ಲರಿಗೂ ರೊಟ್ಟಿಯ ತುಂಡು, ದ್ರಾಕ್ಷಾರಸ ಸಿಗುತ್ತಿತ್ತು, ಅವಳಿಗಿಲ್ಲ. ನಾನು ಹುಟ್ಟುವ ಮೊದಲಿನ ಮಾತು ಇದು. ಆಗಿದ್ದ ಮುದಿ ಅಯ್ಯನವರು ಒಂದು ಭಾನುವಾರ ಬೈಬಲ್ಲಿನ ನಾಲ್ಕನೆಯ ಸುವಾರ್ತೆಯಿಂದ ಹಾದರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಕಥೆ ಓದಿದರಂತೆ. ಜನ ಕಲ್ಲು ಹಿಡಿದು ನಿಂತಿರುತ್ತಾರೆ, ಯೇಸು ಬಗ್ಗಿ ನೆಲದ ಮೇಲೆ ಏನೋ ಬರೆಯುತ್ತಿರುತ್ತಾನೆ, 'ಪಾಪ ಮಾಡದವನು ಮೊದಲು ಕಲ್ಲು ಎಸೆಯಲಿ' ಎಂಬ ಅವನ ಒಂದು ಮಾತಿಗೆ ಎಲ್ಲರೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ, ಅವನೂ ಅವಳಿಗೆ ಶಿಕ್ಷೆ ವಿಧಿಸುವುದಿಲ್ಲ. ಓದಿ ಮುಗಿಸಿ ಆ ಅಯ್ಯನವರು ತಟ್ಟೆಯನ್ನು ತಾವೇ ಬಾಗಿಲವರೆಗೆ ಹಿಡಿದುಕೊಂಡು ಹೋಗಿ ಅವ್ವನ ಮುಂದೆ ನಿಂತರಂತೆ. ಅಂದಿನಿಂದ ಭೋಜನದ ರೊಟ್ಟಿ ಮಾಡುವ ಕೆಲಸವೇ ಅವ್ವನದಾಯಿತು. ಹಿಂದಿನ ಸಂಜೆ ಗೋದಿ ಹಿಟ್ಟು ನಾದಿ, ತಲೆಗೆ ಸೆರಗು ಹೊದ್ದು, ಯಾರ ಜೊತೆಗೂ ಮಾತಾಡದೆ ಬೇಯಿಸುತ್ತಿದ್ದಳು. ಅವಳಿಗೆ ಓದು ಬಾರದು, ಆದರೆ ಆ ಕಥೆ ಅಕ್ಷರ ತಪ್ಪದೆ ಬರುತ್ತಿತ್ತು.

ಅಯ್ಯನವರು ಬಾರದ ಭಾನುವಾರಗಳಲ್ಲಿ ವಾಚನ ಮಾಡಿ ನಾಲ್ಕು ಮಾತು ಹೇಳುವವನು ಕಾಕಾನೇ. ಒಂದು ಭಾನುವಾರ ಅದೇ ಕಥೆ ಬಂತು. ಓದಿದ. ಚೆನ್ನಾಗಿಯೇ ಓದಿದ. ಆಮೇಲೆ ಅವನ ಮುಖದಲ್ಲಿ ಆ ಹಾಳು ಉತ್ಸಾಹ ಬಂತು.

"ಇನ್ನೊಂದು ಚೊಲೋ ಸಂಗತಿ ಕೇಳ್ರಿ. ಈ ಕಥಿ ಬೈಬಲ್ಲಿನ ಅಗದಿ ಹಳೇ ಕೈಬರಹದ ಪ್ರತಿಯೊಳಗ ಇಲ್ಲಽ ಇಲ್ಲ. ಆಮ್ಯಾಲ ಯಾರೋ ಸೇರಿಸ್ಯಾರ. ಪಂಡಿತರು ಬಹುತೇಕ ಎಲ್ಲಾರೂ ಒಪ್ಪಿದ ಮಾತಿದು."

ನಾನು ಅವ್ವನ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಂಡಳು, ಅಷ್ಟೇ. ಮುಂದಿನ ಭೋಜನದ ಹಿಂದಿನ ಸಂಜೆ ಅವಳು ಹಿಟ್ಟು ನಾದಲಿಲ್ಲ. ಕೇಳಿದರೆ, "ಆ ಮಾತು ಆತ ಅಂದಿಲ್ಲಂದ್ರ ನಂಗ ಬಿಡುಗಡಿ ಎಲ್ಲಿಂದ ಬಂತು?" ಅಂದಳು. ಭಾನುವಾರ ಹೋಗಿ ಬಾಗಿಲ ಬಳಿ ಕೂತಳು. ಇಷ್ಟು ವರ್ಷಗಳಾದ ಮೇಲೆ, ತಾನಾಗಿಯೇ! ಅಯ್ಯನವರು ಹುಬ್ಬಳ್ಳಿ ಬೇಕರಿಯ ಬ್ರೆಡ್ಡು ಮುರಿದರು. ಅವಳು ಮುಟ್ಟಲಿಲ್ಲ.

ನಾನು ಮನೆಗೆ ಬಂದವಳೇ ಗೋಡೆಯಾಚೆ ಹೋಗಿ ಕಾಕಾನ ಮೇಲೆ ಹರಿಹಾಯ್ದೆ. ಅವನು ಒಂದೇ ಮಾತು ಅಂದ: "ನಾ ಸುಳ್ಳು ಹೇಳೇನೇನ ಯವ್ವಾ?"

"ಸುಳ್ಳು ಅಲ್ಲ ಕಾಕಾ. ಆದ್ರ ನಮ್ಮವ್ವ ಮತ್ತ ಬಾಗಲದಾಗ ಕುಂತಾಳ. ಹೋಗಿ ಒಂದು ಮಾತು ಹೇಳು, ಆ ಕಥಿ ಖರೇ ಅಂತ. ಅಷ್ಟು ಸಾಕು."

ಹೋದ. ಆದರೆ ಪುಸ್ತಕ ಬಗಲಲ್ಲಿಟ್ಟುಕೊಂಡು ಹೋದ! ದಿನಾಲೂ ಅವ್ವನ ಮುಂದೆ ಕೂತು ಹೇಳುತ್ತಿದ್ದ. ಆ ಕಥೆ ಬರೆಯುವ ಮೊದಲೇ ಜನರ ಬಾಯಲ್ಲಿ ಇದ್ದಿರಬಹುದು. ಎಲ್ಲಿ ಇಡಬೇಕೆಂದು ನಕಲು ಮಾಡುವವರಿಗೆ ತಿಳಿದಿರಲಿಕ್ಕಿಲ್ಲ, ಕೆಲವರು ಬೇರೆ ಸುವಾರ್ತೆಯಲ್ಲೂ ಇಟ್ಟಿದ್ದಾರೆ. ಹಾದರದವಳನ್ನು ಇಷ್ಟು ಸುಲಭಕ್ಕೆ ಬಿಟ್ಟದ್ದು ಕೆಲವರಿಗೆ ಹಿಡಿಸದೆ, ಅವರೇ ಅದನ್ನು ತೆಗೆದುಹಾಕಿಯೂ ಇದ್ದಿರಬಹುದು. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಎಲ್ಲ ಕೇಳಿ, "ಹಂಗಾದ್ರ ಖರೇನೋ ಸುಳ್ಳೋ?" ಅನ್ನುತ್ತಿದ್ದಳು.

"ಖರೇ ಇರಬಹುದು ವೈನಿ."

ಬಹುದು! ಒಂದು 'ಹೌದು' ಅಂದಿದ್ದರೆ ಮುಗಿದು ಹೋಗುತ್ತಿತ್ತು. ಬಾಯಿ ಸವೆಯುತ್ತಿತ್ತೇ? ನಾನು ಒಳಗೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದೆ.

ಒಂದು ದಿನ ಅವ್ವ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟು ಅವನನ್ನೇ ಕೇಳಿದಳು. "ಭೋಜನದಾಗ ನೀ ಯಾಕ ರೊಟ್ಟಿ ತಗೊಳ್ಳದ ತಾಟು ಮುಂದ ದಾಟಸ್ತಿ? ನಿನ್ನ ಹೆಂಡ್ತಿ ಹೋದಾಗಿಂದ ನೋಡಾಕತ್ತೀನಿ. ಒಮ್ಮಿನೂ ತಗೊಂಡಿಲ್ಲ ನೀ."

ನನಗೆ ಇದು ಗೊತ್ತೇ ಇರಲಿಲ್ಲ. ಅವನ ಬೆರಳು ನೋಡುವುದರಲ್ಲೇ ನಾವೆಲ್ಲ ಮುಳುಗಿದ್ದೆವು.

"ಖಾತ್ರಿ ಆಗಲಿ ಅಂತ ಕುಂತೀನಿ ವೈನಿ" ಅಂದ.

"ಆತೇನು?"

"ಇಲ್ಲ."

"ಎಂದ ಆಗ್ತೈತಿ?"

ಕಾಕಾ ಪುಸ್ತಕ ಎತ್ತಿಕೊಂಡು ಎದ್ದು ಹೋದ. ರಾತ್ರಿ ಊಟಕ್ಕೂ ಬರಲಿಲ್ಲ.

ಭೋಜನದ ಹಿಂದಿನ ಮಧ್ಯಾಹ್ನ ಬಂದ. ಕೈಯಲ್ಲಿ ಪುಸ್ತಕ ಇರಲಿಲ್ಲ, ಗಿರಣಿಯಿಂದ ಆಗಷ್ಟೇ ಬೀಸಿಸಿಕೊಂಡು ಬಂದ ಗೋದಿ ಹಿಟ್ಟಿತ್ತು. ಮೀಸೆಗೂ ಹಿಟ್ಟು ಹತ್ತಿತ್ತು. ಅವ್ವನ ಮುಂದೆ ಡಬ್ಬಿ ಇಟ್ಟು ನಿಂತ.

"ವೈನಿ, ನಾದ್ರಿ. ನಾಳೆ ನಾ ತಗೋತೀನಿ. ಖಾತ್ರಿ ಇಲ್ಲದ ತಗೋತೀನಿ, ನೀವೂ ಹಂಗಽ ತಗೋರಿ. ಖಾತ್ರಿ ಇದ್ದವರಿಗಷ್ಟ ಈ ಊಟ ಅಂತ ಎಲ್ಲಿಯೂ ಬರದಿಲ್ಲ. ಹಳೇ ಪ್ರತಿಯೊಳಗೂ ಇಲ್ಲ, ಹೊಸಾದ್ರಾಗೂ ಇಲ್ಲ. ನಾ ನೋಡೇನಿ."

ಅವ್ವ ಡಬ್ಬಿಯ ಮುಚ್ಚಳ ತೆಗೆದು ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಆಮೇಲೆ, "ಹಿಟ್ಟು ನಾದೂ ಪರಾತ ಕೊಡ ಬೇ ಶಾಂತಾ" ಅಂದಳು ನನಗೆ. ನಾನು ಒಳಗೆ ಹೋಗಿ ಪರಾತ ಹುಡುಕುತ್ತ ಅತ್ತುಬಿಟ್ಟೆ.

ಮರುದಿನ ತಟ್ಟೆ ಬೆಂಚಿಗೆ ಬರುವವರೆಗೆ ಕಾಯದೆ ಇಬ್ಬರೂ ಒಟ್ಟಿಗೆ ಮುಂದೆ ಹೋಗಿ ಮೊಣಕಾಲೂರಿದರು. ಅಯ್ಯನವರು ತಟ್ಟೆ ಹಿಡಿದರು, ಕಾಕಾ ಒಂದು ತುಂಡು ತೆಗೆದುಕೊಂಡ, ಅವ್ವನೂ. ನಾನು ಇನ್ನೇನು ಇವನ ಎಲ್ಲ ತಪ್ಪನ್ನೂ ಮನ್ನಿಸಿಬಿಡಬೇಕು ಅನ್ನುವಷ್ಟರಲ್ಲಿ, ಹೊರಗೆ ಚಪ್ಪಲಿ ಮೆಟ್ಟುತ್ತ ಅಯ್ಯನವರನ್ನು ನಿಲ್ಲಿಸಿದ. "ಅಯ್ಯನವರ, ಆ ಕಡೀ ಊಟದಾಗ ಯೇಸು ಮುರದ ರೊಟ್ಟಿ ಹುಳಿ ಹಾಕಿ ಉಬ್ಬಿಸಿದ್ದೋ ಉಬ್ಬಿಸಲಾರದ್ದೋ ಅಂಬೂದರ ಮ್ಯಾಲೂ ಜಗಳ ಐತ್ರಿ." ಅಯ್ಯನವರು ಬೈಕ್ ಹತ್ತಿ ಹೋಗಿಯೇ ಬಿಟ್ಟರು.

ಮುಂದೆ ಅವ್ವನೇ ಅವನನ್ನು ಕೇಳತೊಡಗಿದಳು, ಇದು ಹೇಗೆ, ಅದು ಎಲ್ಲಿಯದು ಎಂದು. ಸಂಜೆಯ ಚಹಾ ತಣ್ಣಗಾಗುತ್ತಿತ್ತು. ನನಗೆ ಇಬ್ಬರ ಕಾಟ ಶುರುವಾಯಿತು.

ಹೋದ ವರ್ಷ ಸುಗ್ಗಿಯ ಹೊತ್ತಿಗೆ ಕಾಕಾ ತೀರಿಕೊಂಡ. ಮುಂಜಾನೆ ಚಹಾ ಕುಡಿದು ಕುರ್ಚಿಯಲ್ಲಿ ಕೂತವನು ಏಳಲಿಲ್ಲ, ಎದೆ ಎಂದರು ಡಾಕ್ಟರು. ಅವನಿಗೆ ಬೇಕಾಗಿದ್ದ ಪುರಾವೆ ಸಿಕ್ಕಿತ್ತೋ ಇಲ್ಲವೋ ನಮಗೆ ಗೊತ್ತಿಲ್ಲ. ಕಾಕಿಯ ಬಾಜುವಿನಲ್ಲೇ ಅವನನ್ನು ಮಣ್ಣು ಮಾಡಿದೆವು. ಬೇರೆ ಯಾರೂ ಇಲ್ಲವೆಂದು ಅಯ್ಯನವರು ಬಾರದ ಭಾನುವಾರಗಳ ವಾಚನ ನನ್ನ ಕೊರಳಿಗೆ ಬಿತ್ತು. ನಾನು ಓದುತ್ತೇನೆ, ಎರಡು ಮಾತು ಹೇಳುತ್ತೇನೆ, ಹೇಳಿದ್ದು ಹೇಳಿದಂತೆ ನಡೆದು ಹೋಗುತ್ತದೆ. ಯಾರೂ ತಡೆಯುವುದಿಲ್ಲ. ಇದೇ ಶಾಂತಿಗಾಗಿ ನಾನು ಎಷ್ಟು ವರ್ಷ ಹಂಬಲಿಸಿದ್ದೆ.

ಹೋದ ಭಾನುವಾರ ಯೇಸು ಐದು ರೊಟ್ಟಿ, ಎರಡು ಮೀನಿನಲ್ಲಿ ಸಾವಿರಾರು ಜನಕ್ಕೆ ಉಣಿಸಿದ ಕಥೆ ಓದಿ ಮುಗಿಸಿದ್ದೆ. ಮುಂದಿನ ಸಾಲಿನಿಂದ ಅವ್ವನ ದನಿ ಬಂತು.

"ಶಾಂತಾ, ಇದು ಹಳೇ ಪ್ರತಿಯೊಳಗ ಐತೇನ?"

"ಗೊತ್ತಿಲ್ಲ ಬೇ" ಅಂದೆ.

"ಕಾಕಾನ್ನ ಕೇಳಿ ಹೇಳು ಮತ್ತ" ಅಂದಳು. ಅಂದು, ತಾನೇ ತಲೆ ತಗ್ಗಿಸಿದಳು.

ಕೀರ್ತನೆಯ ಪುಟ ತೆಗೆದೆ, ಅಕ್ಷರ ಕಾಣಲಿಲ್ಲ. ಯಾರೂ ಕೇಳದಿದ್ದರೂ ವರ್ಷಗಟ್ಟಲೆ ಹೇಳಿದ ಮನುಷ್ಯ, ಕೇಳುವ ಹೊತ್ತಿಗೆ ಇಲ್ಲ. ನನಗೆ ಅವನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.